ಕೂಸಿನ ತೇಲು ಜಾಕೀಟು

ನಮ್ಮನೆ ಕೂಸು ಮುರುಡೇಶ್ವರದಿಂದ ದೋಣೀಲಿ ನೇತ್ರಾಣಿಗೆ ಹೋಗಿ ಸ್ಕೂಬಾ ಮಾಡಿ ಬಂದಿತ್ತಲೆ, ಈಗ ಅಂಡಮಾನಿಗೆ ಹೊರಟಿದ್ದು. ಸ್ವಂತ ಬಿಸಿಡಿ ಬೇಕಡ. ಅಂದ್ರೆ ಬೆನ್ನಿಗೆ ಸಿಲಿಂಡರ್ ಕಟ್ಟೋ, ಗಾಳಿ ತುಂಬೋ ಜಾಕೀಟು. ನಾವು ಸಣ್ಣಿದ್ದಾಗ ಸೊಂಟಕ್ಕೆ ಕಟ್ಕತ್ತಿದ್ದ ಸೋರೆಬುರುಡೆ ಹಂಗೆ ಅಂದ್ಕಂಡಿದ್ದಿ. ಅಲ್ದಡ. ಬುರುಡೆ ತೇಲ್ಸ್ತು, ಅಷ್ಟೇ; ಇದ್ರಲ್ಲಿ ಗಾಳಿ ಬಿಟ್ಟು ಮುಳುಗಲೂ ಆಗ್ತು, ನಡುನೀರಲ್ಲಿ ನಿಲ್ಲಲೂ ಆಗ್ತು.

ವಿಮಾನದಲ್ಲಿ 15 ಕೆಜಿ ಲೆಕ್ಕ. ಹಂಗಾಗಿ 4 ಕೆಜಿದು ಬಿಟ್ಟು 2.5 ಕೆಜಿದು ಆರಿಸ್ತು.

"ಹಗುರ ಅಂದ್ರೆ ತೆಳು ಅಲ್ದನೇ?" ಕೇಳ್ದಿ.

ಬೆಚ್ಚನೆ ನೀರಿಗೆ ದಪ್ಪ ರಬ್ಬರ್ ಉಡುಪು ಬೇಡ, ಆಗ ಮುಳುಗಲೆ ಸೀಸದ ಭಾರ ಕಮ್ಮಿ ಸಾಕು, ಎತ್ತಲೆ ಗಾಳಿಯೂ ಕಮ್ಮಿ ಸಾಕು ಹೇಳ್ತು. ಲೆಕ್ಕ ಸರಿಯೇ.

ಅಣ್ಣ ಶರಾವತಿ ಹಿನ್ನೀರಲ್ಲಿ ಹೋದ ಮೇಲೆ ಆನು ನೀರಿಗೆ ಇಳದ್ದೇ ಇಲ್ಲೆ. ಜಾಕೀಟು ಬಂದ ದಿನ ಬಾಯಲ್ಲಿ ಊದಿ, ಬಚ್ಚಲಲ್ಲಿ ದೊಡ್ಡ ಟಬ್ಬಿಗೆ ಅದ್ದಿ ನೋಡ್ದಿ. ಕವಾಟದ ಹತ್ರ ಸಣ್ಣ ಗುಳ್ಳೆ. ಕೂಸು "ಅಷ್ಟಕ್ಕೆ ಎಂತೂ ಆಗ್ತಿಲ್ಲೆ" ಹೇಳ್ತು. ಆನು ಕೇಳಿದ್ದಿಲ್ಲೆ, ವಾಪಸ್ ಕಳ್ಸಿ ಬೇರೆ ತರ್ಸಿದ್ವಿ.

ಎರಡನೇದನ್ನು ರಾತ್ರಿ ಊದಿ ಜಗಲೀಲಿ ಇಟ್ಟಿದ್ದಿ. ಬೆಳಿಗ್ಗೆ ಕಾಫಿಗೆ ಮುಂಚೆ ಹೋಗಿ ಒತ್ತಿ ನೋಡ್ದಿ. ಹಂಗೇ ಬಿಗಿ ಇತ್ತು.