ಬೀಜದ ಪೊಟ್ಟಣ

ವಾರ್ಷಿಕ ಸಂಚಿಕೆಗೆ ಲೇಖನ ಬೇಕೆಂದು ಸಂಪಾದಕ ಮಂಡಳಿಯ ಮಕ್ಕಳು ಬಂದು ಕೇಳಿದಾಗ ಅವರ ಮನಸ್ಸಿನಲ್ಲಿದ್ದುದು ಕುಮಾರವ್ಯಾಸನೋ ಮುದ್ದಣನೋ ಇದ್ದಿರಬೇಕು. ಕನ್ನಡ ಮಾಸ್ತರರಿಂದ ಬೇರೇನನ್ನು ನಿರೀಕ್ಷಿಸುತ್ತಾರೆ? ಆದರೆ ಈ ವರ್ಷ ನಮ್ಮ ತಲೆಯಲ್ಲಿ ತುಂಬಿಕೊಂಡಿರುವುದು ಸೌತೆಬೀಜ. "ಪಂಡಿತರೇ, ನಮ್ಮ ಗದ್ದೆಗೆ ನಿಮ್ಮ ದನ ಬಿಡಬೇಡಿ" ಎಂದು ವಿಜ್ಞಾನದ ಅಧ್ಯಾಪಕರು ತಮಾಷೆ ಮಾಡಿದರು. ಈ ಲೇಖನದಲ್ಲಿ ಅರ್ಧದಷ್ಟು ಅವರಲ್ಲಿ ಕೇಳಿ ತಿಳಿದದ್ದೇ ಆದ್ದರಿಂದ ಅವರ ಬೇಲಿ ಮುರಿದ ದೋಷ ನಮಗೆ ಬಾರದು.

ನಾವು ಚಿಕ್ಕವರಿದ್ದಾಗ ತರಕಾರಿ ಬೀಜಕ್ಕೆ ಬೆಲೆಯೆಂಬುದು ಇರಲಿಲ್ಲ. ಇತ್ತೋ ಏನೋ, ನಮ್ಮ ಮನೆಯಲ್ಲಿ ಯಾರೂ ಕೊಟ್ಟದ್ದನ್ನು ನಾವು ಕಾಣೆವು. ಒಲೆಯ ಮೇಲಿನ ಅಟ್ಟದಲ್ಲಿ ಹೊಗೆ ಹಿಡಿದು ಕಪ್ಪಾದ ಸೋರೆಬುರುಡೆಗಳಿದ್ದವು. ಒಂದರಲ್ಲಿ ಹೀರೆ, ಒಂದರಲ್ಲಿ ಪಡವಲ, ಬೂದಿಯಲ್ಲಿ ಹೊರಳಿಸಿಟ್ಟ ಬೆಂಡೆ. ಬೀಜಕ್ಕೆಂದು ಬಿಟ್ಟ ಸೌತೆಕಾಯಿಗಳನ್ನು ಬಾಳೆನಾರಿನಲ್ಲಿ ಕಟ್ಟಿ ಮಾಡಿನ ಅಡ್ಡಕ್ಕೆ ತೂಗಹಾಕುತ್ತಿದ್ದರು. ಹಸಿವಾದಾಗ ನಾವು ಅದನ್ನು ನೋಡಿದರೆ ಸಾಕು, ಅಮ್ಮ "ಅದು ಬೀಜದ್ದು" ಎನ್ನುತ್ತಿದ್ದರು. ಆ ಮಾತಿಗೆ ಎದುರು ಮಾತಿರಲಿಲ್ಲ. ಪತ್ತನಾಜೆ ಬಂತೆಂದರೆ ಬುರುಡೆಗಳು ಕೆಳಗಿಳಿಯುತ್ತಿದ್ದವು. ನೆರೆಮನೆಯಿಂದ ಒಬ್ಬರು ಬಂದು ಒಂದು ಮುಷ್ಟಿ ಕೊಂಡುಹೋಗುವರು, ಮತ್ತೊಂದು ಬಗೆಯದನ್ನು ಕೊಟ್ಟು ಹೋಗುವರು.

ಕಳೆದ ಜೂನಿನಲ್ಲಿ ಶಾಲೆಯ ಕೈತೋಟಕ್ಕೆ ಬೀಜ ತರಲೆಂದು ಹತ್ತನೆಯ ತರಗತಿಯ ನಾಲ್ವರು ಮಕ್ಕಳನ್ನು ಕರೆದುಕೊಂಡು ಪೇಟೆಗೆ ಹೋದೆವು. ರಕ್ಷಕ-ಶಿಕ್ಷಕ ಸಂಘದವರು ಕೊಟ್ಟ 200 ರೂಪಾಯಿ ಕಿಸೆಯಲ್ಲಿತ್ತು. ಅಂಗಡಿಯಲ್ಲಿ ಕ್ಯಾಲೆಂಡರಿನ ಚಿತ್ರಗಳಂತೆ ಹೊಳೆಯುವ ಪೊಟ್ಟಣಗಳು ಸಾಲಾಗಿ ತೂಗುತ್ತಿದ್ದವು. ಹಾಗಲದ ಒಂದು ಪೊಟ್ಟಣಕ್ಕೆ 30 ರೂಪಾಯಿ. ಒಳಗೆ ಎಷ್ಟಿದೆಯೆಂದು ಕೇಳಿದರೆ ಹತ್ತೇ ಬೀಜ! ಬೀಜ ಒಂದಕ್ಕೆ ಮೂರು ರೂಪಾಯಿ. ಅದರ ಹಿಂದೆ ಮೊಳಕೆಯ ಪ್ರಮಾಣ ಕನಿಷ್ಠ 60 ಎಂದು ಅಚ್ಚಾಗಿತ್ತು. ಸೌತೆ, ಹೀರೆ, ಹಾಗಲಗಳಿಗೆ ಕಾನೂನಿನಂತೆ ನೂರಕ್ಕೆ 60 ಹುಟ್ಟಿದರೆ ಸಾಕಂತೆ. ಬೆಂಡೆಗೆ 65, ಅಲಸಂಡೆಗೆ 75. ಹತ್ತರಲ್ಲಿ ಆರು ಹುಟ್ಟಿದರೆ ಗಿಡವೊಂದಕ್ಕೆ ಐದು ರೂಪಾಯಿ ಬಿತ್ತೆಂದು ಮಕ್ಕಳಲ್ಲೊಬ್ಬ ಅಲ್ಲೇ ಲೆಕ್ಕ ಹೇಳಿದ. ಅಂಗಡಿಯವರು ಅವನನ್ನು ಒಮ್ಮೆ ದಿಟ್ಟಿಸಿ ನೋಡಿದರು.

ಬೆಂಡೆಯಲ್ಲಿ ಎರಡು ಬಗೆ ಇತ್ತು. ಬಣ್ಣದ ಪುಟ್ಟ ಪೊಟ್ಟಣದಲ್ಲಿ 30 ಬೀಜ, ಬೆಲೆ 20 ರೂಪಾಯಿ. ಒಳಗಿನ ಕಪಾಟಿನಲ್ಲಿದ್ದ, ಚಿತ್ರವಿಲ್ಲದ 50 ಗ್ರಾಮಿನ ಚೀಲಕ್ಕೆ 60 ರೂಪಾಯಿ. ಅದು ಬೆಂಗಳೂರು ಬಳಿಯ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಬಿಡುಗಡೆ ಮಾಡಿದ ಅರ್ಕಾ ಅನಾಮಿಕಾ ತಳಿ. ಬೆಂಡೆಬೀಜ ಗ್ರಾಮಿಗೆ ಹದಿನೈದರ ಆಸುಪಾಸು ಬರುತ್ತದೆ. ಅಂದರೆ ಚೀಲದಲ್ಲಿ ಏಳುನೂರೈವತ್ತು ಬೀಜ, ಒಂದಕ್ಕೆ ಎಂಟು ಪೈಸೆ. ಪುಟ್ಟ ಪೊಟ್ಟಣದ್ದು ಒಂದಕ್ಕೆ ಅರುವತ್ತೇಳು ಪೈಸೆ! ನಮಗೆ ಅಷ್ಟು ಬೇಡವಾಗಿತ್ತು ನಿಜ. ಚೀಲ ತಂದು ಎಂಟು ಮನೆಗಳಿಗೆ ಹಂಚಿದೆವು. ಹಂಚುವ ಮೊದಲು ಇಪ್ಪತ್ತು ಬೀಜವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ತರಗತಿಯ ಕಿಟಕಿಯಲ್ಲಿಟ್ಟೆವು. ವಾರದೊಳಗೆ ಹದಿಮೂರು ಮೊಳೆತವು. ನೂರಕ್ಕೆ 65, ಕಾನೂನಿಗೆ ಸರಿಯಾಗಿ.

ಅಂಗಡಿಯಲ್ಲಿ ನಡೆದ ಇನ್ನೊಂದು ಸಂಗತಿ ಹೇಳಬೇಕು. ಸೌತೆಯ ಒಂದು ಸೊಗಸಾದ ಪೊಟ್ಟಣಕ್ಕೆ ನಾವು ಕೈಹಾಕಿದಾಗ ಜೊತೆಯಲ್ಲಿದ್ದ ಹುಡುಗಿಯೊಬ್ಬಳು ಮೆಲ್ಲನೆ, "ಅದು ಬೇಡ ಮಾಷ್ಟ್ರೇ" ಎಂದಳು. ಯಾಕೆಂದು ನಾವು ಕೇಳಲಿಲ್ಲ. ಪೊಟ್ಟಣವನ್ನು ಇದ್ದಲ್ಲೇ ಇಟ್ಟು ಬಂದೆವು.

ಯಾಕೆಂಬುದು ತಿಳಿದದ್ದು ನವೆಂಬರದಲ್ಲಿ. ಶಾಲಾ ಪ್ರವಾಸದ ಪಟ್ಟಿಯಲ್ಲಿ ಆ ಹುಡುಗಿ ಮೊದಲು ಬರೆಸಿದ್ದ ಹೆಸರನ್ನು ತಾನೇ ಹೊಡೆದುಹಾಕಿದ್ದಳು. ವಿಚಾರಿಸಲೆಂದು ಒಂದು ಸಂಜೆ ಅವರ ಮನೆಗೆ ಹೋದೆವು. (ತಾಯಿ-ಮಗಳಿಬ್ಬರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇವೆ. ಹೆಸರು ಬೇಡ.) ಆಕೆಯ ತಾಯಿ ಕೊಯ್ಲಾದ ಗದ್ದೆಯೊಂದನ್ನು ಬೇಸಗೆಯ ಮಟ್ಟಿಗೆ ಬಾಡಿಗೆಗೆ ಹಿಡಿದು ಸೌತೆ, ಅಲಸಂಡೆ ಬೆಳೆಯುವವರು. ನಮ್ಮ ಕಡೆ ಸೌತೆಗೆ ಕೈತುಂಬ ಬೆಲೆ ಸಿಗುವುದು ವಿಷುವಿನ ಹೊತ್ತಿಗೆ. ಕಣಿಯ ಉರುಳಿಯಲ್ಲಿ ಅಕ್ಕಿ, ತೆಂಗಿನಕಾಯಿ, ಕನ್ನಡಿ, ಕಕ್ಕೆ ಹೂವಿನ ಜೊತೆ ಚಿನ್ನದ ಬಣ್ಣದ ಸೌತೆಕಾಯಿ ಇರಲೇಬೇಕು. ಜನವರಿಯ ಕೊನೆಗೆ ಬೀಜ ಹಾಕಿದರೆ ಏಪ್ರಿಲ್ ಮಧ್ಯಕ್ಕೆ ಕಾಯಿ ಬಣ್ಣ ತಿರುಗುತ್ತದೆ. ವಿಷು ದಾಟಿತೋ, ಅದೇ ಕಾಯಿ ಬರೇ ಸಾಂಬಾರಿನ ತರಕಾರಿ.

ಮಗಳು ಎಂಟನೆಯಲ್ಲಿದ್ದಾಗ ರಕ್ಷಕರ ಸಭೆ ಮುಗಿದ ಮೇಲೆ ಆ ತಾಯಿ ಬೇಸಾಯದ ಮಾತು ತೆಗೆದರು. ಆಗ ನಾವು ದೊಡ್ಡ ತಿಳಿದವರಂತೆ, "ಈಗ ಹೊಸ ಜಾತಿ ಬಂದಿದೆಯಲ್ಲ ಅಕ್ಕ, ಒಮ್ಮೆ ಹಾಕಿ ನೋಡಿ, ದುಪ್ಪಟ್ಟು ಕಾಯಿ ಬಿಡುತ್ತದಂತೆ" ಎಂದಿದ್ದೆವು. ಎಲ್ಲೋ ಓದಿದ ಮಾತು. ನಮಗೆ ಅದು ಮರೆತೂ ಹೋಗಿತ್ತು. ಅವರು ಮರೆಯಲಿಲ್ಲ. ಬೀಜ ತಂದರು, ಹಾಕಿದರು, ಬೆಳೆ ಚೆನ್ನಾಗಿಯೇ ಬಂತು. ಎಲ್ಲವೂ ಅಚ್ಚಿನಲ್ಲಿ ತೆಗೆದಂತೆ ಒಂದೇ ಗಾತ್ರ, ಒಂದೇ ಬಣ್ಣ. ಸಂತೋಷದಿಂದ ಆ ವರ್ಷ ಬೀಜಕ್ಕೆ ಅದರ ಕಾಯಿಗಳನ್ನೇ ತೂಗಹಾಕಿದರು. ಅತ್ತೆಯವರ ಕಾಲದಿಂದ ಇಟ್ಟುಕೊಂಡು ಬಂದಿದ್ದ ಬೀಜವನ್ನು ಹಾಕಲೂ ಇಲ್ಲ, ಇಡಲೂ ಇಲ್ಲ.

ಮರುವರ್ಷ ಅದೇ ಬೀಜ ಬಿತ್ತಿದಾಗ ಹುಟ್ಟಿದ ಬಳ್ಳಿಗಳಲ್ಲಿ ಒಂದರಂತೆ ಒಂದಿಲ್ಲ. ಕೆಲವು ಗುಂಡು, ಕೆಲವು ಉದ್ದ, ಹಲವು ಹಣ್ಣಾದರೂ ಹಸಿರು ಪಟ್ಟೆ ಬಿಡಲೊಲ್ಲವು. ಕಣಿಗೆಂದು ಕೊಳ್ಳಲು ಬಂದ ವ್ಯಾಪಾರಿ ನೋಡಿ ಹಾಗೆಯೇ ಹಿಂದೆ ಹೋದ. ಗದ್ದೆಯ ಬಾಡಿಗೆ, ಗೊಬ್ಬರದ ಸಾಲ ಉಳಿಯಿತು.

ವಿಜ್ಞಾನದ ಅಧ್ಯಾಪಕರು ಆಮೇಲೆ ನಮಗೆ ಬಿಡಿಸಿ ಹೇಳಿದರು. ಎರಡು ಬೇರೆ ಬೇರೆ ತಳಿಗಳ ಗಂಡು ಹೆಣ್ಣು ಹೂಗಳನ್ನು ಕೂಡಿಸಿ ಪಡೆದದ್ದು ಸಂಕರ ಬೀಜ. ಅದರ ಮೊದಲ ಪೀಳಿಗೆ ಏಕರೂಪವಾಗಿ, ಹುಲುಸಾಗಿ ಬರುತ್ತದೆ. ಅದರಿಂದ ತೆಗೆದ ಬೀಜದಲ್ಲಿ ಅಜ್ಜ ಅಜ್ಜಿಯರ ಗುಣಗಳೆಲ್ಲ ಚದುರಿ ಹೊರಬರುತ್ತವೆ. ನಮ್ಮ ವ್ಯಾಕರಣದ ಅರಿಸಮಾಸವನ್ನು ಬಿಡಿಸಿದರೆ ಕನ್ನಡವೇ ಬೇರೆ, ಸಂಸ್ಕೃತವೇ ಬೇರೆ ಆದ ಹಾಗೆ ಎಂದು ನಾವು ನೆನಪಿಟ್ಟುಕೊಂಡೆವು. ಇಂಥ ಬೀಜ ಮಾಡಲು ಹೂ ಹೂವಿಗೂ ಕೈಯಿಂದಲೇ ಪರಾಗ ಹಚ್ಚಬೇಕಾದ್ದರಿಂದ ಕೂಲಿಯೂ ಹೆಚ್ಚು, ಬೆಲೆಯೂ ಹೆಚ್ಚು. 1988ರಲ್ಲಿ ಕೇಂದ್ರ ಸರಕಾರದ ಹೊಸ ಬೀಜನೀತಿ ಬಂದಮೇಲೆ ಖಾಸಗಿ ಕಂಪೆನಿಗಳ ತರಕಾರಿ ಬೀಜ ಊರೂರಿಗೆ ಹರಡಿತು. ಸಂಕರ ಬೀಜ ಕೆಟ್ಟದ್ದೇನಲ್ಲ. ಪ್ರತಿವರ್ಷ ಕೊಳ್ಳಬೇಕು, ಅಷ್ಟೆ. ಆ 'ಅಷ್ಟೆ' ಎಂಬ ಮಾತನ್ನು ನಾವು ಅಂದು ಹೇಳಿರಲಿಲ್ಲ. ನಮಗೂ ತಿಳಿದಿರಲಿಲ್ಲ.

ಪೊಟ್ಟಣದ ಮೇಲೆ ಸಂಕರವೆಂದು ಬರೆದಿತ್ತು, ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ. "ಚಿತ್ರ ನೋಡಿ ತಂದದ್ದು ಮಾಷ್ಟ್ರೇ, ಅಕ್ಷರ ನಮಗೆ ಓದಲಿಕ್ಕೆ ಬರಬೇಕಲ್ಲ" ಎಂದರು ಆ ತಾಯಿ. ಅವರು ಐದನೆಯವರೆಗೆ ಕನ್ನಡ ಕಲಿತವರು. ನಾವೋ ಕನ್ನಡ ಶಾಲೆಯಲ್ಲಿ ಕಲಿತು, ಮುಂದೆ ಇಂಗ್ಲಿಷಿನಲ್ಲಿ ಓದಿ, ಮಲೆಯಾಳವನ್ನೂ ತಕ್ಕಮಟ್ಟಿಗೆ ಬಲ್ಲವರು. ಓದಿ ಹೇಳಬೇಕಾದವರು ಯಾರೆಂದು ಯಾರೂ ಹೇಳಬೇಕಾಗಿರಲಿಲ್ಲ. "ನಿಮ್ಮ ತಪ್ಪು ಏನಿಲ್ಲ, ನಮ್ಮ ಬೀಜ ಬಿಟ್ಟದ್ದು ನಾನಲ್ವಾ" ಎಂದು ಅವರೇ ನಮ್ಮನ್ನು ಸಮಾಧಾನಪಡಿಸಿ ಚಹಾ ಕೊಟ್ಟರು. ಆ ಚಹಾ ಗಂಟಲಲ್ಲಿ ಇಳಿಯಲಿಲ್ಲ. ಪ್ರವಾಸದ ಹಣ ನಾವು ಕಟ್ಟುತ್ತೇವೆಂದೆವು. ಅವರು ಒಪ್ಪಲಿಲ್ಲ. ಹುಡುಗಿ ಪ್ರವಾಸಕ್ಕೆ ಬರಲಿಲ್ಲ.

ಹಳೆಯ ಬೀಜ ಎಲ್ಲಾದರೂ ಉಳಿದಿದ್ದೀತೇ ಎಂದು ನಾವು ಹತ್ತು ಮನೆ ವಿಚಾರಿಸಿದೆವು. ಕೊನೆಗೆ ನೆನಪಾದದ್ದು ಹುಡುಗಿಗೇ. ಅವಳ ತಂದೆಯ ಅಕ್ಕ ವರ್ಷಗಳ ಹಿಂದೆ ತವರಿನಿಂದ ಒಂದು ಕಾಯಿ ಕೊಂಡುಹೋಗಿದ್ದರಂತೆ. ಡಿಸೆಂಬರದ ಒಂದು ಆದಿತ್ಯವಾರ ಮೂವರೂ ಬಸ್ಸು ಹತ್ತಿ, ಇಳಿದು, ಗುಡ್ಡ ದಾಟಿ ಅಲ್ಲಿಗೆ ಹೋದೆವು. ಒಳಗೆ ಕಾಲಿಟ್ಟೊಡನೆ ಹುಡುಗಿ ಮೇಲೆ ನೋಡಿದಳು. ಬಾಳೆನಾರಿನಲ್ಲಿ ಐದು ಸೌತೆಕಾಯಿ, ಹೊಗೆಗೆ ಮಾಸಿದ ಹಳದಿ. "ನಿಮ್ಮದೇ ಬೀಜ, ನಿಮಗೆ ಕೊಡಲಿಕ್ಕೆ ಕೇಳುವುದು ಉಂಟಾ?" ಎಂದು ಆ ಅತ್ತೆ ಎರಡು ಬಿಚ್ಚಿ ಕೊಟ್ಟರು. ಹಣ ಎಂದರೆ ಸಿಟ್ಟಾದರು. ತಾಯಿ ಸೆರಗಿನ ತುದಿಯಿಂದ ಒಂದು ಗಂಟು ತೆಗೆದು ಹಾಗಲದ ಬೀಜ ಕೊಟ್ಟರು, ಅದನ್ನು ಮಾತಿಲ್ಲದೆ ತೆಗೆದುಕೊಂಡರು.

ಒಂದು ಕಾಯಿಯನ್ನು ಶಾಲೆಯಲ್ಲಿಯೇ ಕೊರೆದೆವು. ತಿರುಳನ್ನು ನೀರಿನಲ್ಲಿ ಒಂದು ದಿನ ಬಿಟ್ಟು ತಿಕ್ಕಿ ತೊಳೆದಾಗ ಜೊಳ್ಳು ತೇಲಿತು, ಗಟ್ಟಿಬೀಜ ಅಡಿಯಲ್ಲಿ ನಿಂತಿತು. ನೆರಳಿನಲ್ಲಿ ಒಣಗಿಸಿ ಎಣಿಸಿದರೆ ಮುನ್ನೂರಕ್ಕೆ ಮಿಕ್ಕಿತು. ಅಂಗಡಿಯ ಲೆಕ್ಕದಲ್ಲಿ ಅದರ ಬೆಲೆ ಎಷ್ಟೆಂದು ಗಣಿತದ ಮಕ್ಕಳು ಕಟ್ಟಿ ನೋಡಲಿ.

ಈಗ ಶಾಲೆಯಲ್ಲಿ ಒಂದು ಮರದ ಪೆಟ್ಟಿಗೆಯಿದೆ. ಸಣ್ಣ ಬಾಟಲಿಗಳಲ್ಲಿ ಬೀಜ, ಮೇಲೆ ಚೀಟಿ: ಯಾವ ಮನೆಯದು, ಯಾವ ತಿಂಗಳದು. ಕೊಂಡುಹೋದವರು ಮರುವರ್ಷ ಎರಡರಷ್ಟು ತಂದು ಹಾಕಬೇಕು. ಬೆಳೆದ ಬೀಜವನ್ನು ಇಟ್ಟುಕೊಳ್ಳುವ, ಕೊಟ್ಟು ತೆಗೆದುಕೊಳ್ಳುವ ಹಕ್ಕು ರೈತರಿಗುಂಟೆಂದು 2001ರ ಕಾಯಿದೆಯಲ್ಲೇ ಇದೆ. ಓಣಂಗೆ ಮುಂಚೆ ಕೃಷಿಭವನದಿಂದ ಮಕ್ಕಳಿಗೆ ಉಚಿತವಾಗಿ ಬಂದ ಪೊಟ್ಟಣಗಳಲ್ಲಿದ್ದ ಕೆಂಪು ಹರಿವೆಯೂ ಅಲ್ಲಿ ಸೇರಿದೆ. ಅಲಸಂಡೆ ತನ್ನಷ್ಟಕ್ಕೆ ಶುದ್ಧವಾಗಿ ಉಳಿಯುತ್ತದೆ. ಸೌತೆ, ಹೀರೆಗಳಿಗೆ ಜೇನ್ನೊಣದ ಕಾಟ, ಪಕ್ಕದ ಗದ್ದೆಯ ಪರಾಗ ತಂದು ಬೆರೆಸುತ್ತದೆ. ಅದಕ್ಕಾಗಿ ಮಕ್ಕಳು ಸಂಜೆ ಹೋಗಿ, ಬೆಳಗ್ಗೆ ಅರಳಲಿರುವ ಸೌತೆಯ ಗಂಡುಹೂ ಹೆಣ್ಣುಹೂಗಳ ಬಾಯಿಗೆ ನೂಲು ಕಟ್ಟಿ ಬರುತ್ತಾರೆ. ಮರುದಿನ ಬೆಳಗ್ಗೆ ಬಿಚ್ಚಿ, ಒಂದನ್ನು ಇನ್ನೊಂದಕ್ಕೆ ಮುಟ್ಟಿಸಿ ಮತ್ತೆ ಕಟ್ಟುತ್ತಾರೆ. ಹೂವಿನ ಕೆಳಗೆ ಮಿಡಿ ಇದ್ದರೆ ಹೆಣ್ಣು ಎಂಬುದನ್ನು ನಾವು ಕಲಿತದ್ದು ಈ ವಯಸ್ಸಿನಲ್ಲಿ, ಒಂಬತ್ತನೆಯ ತರಗತಿಯ ಹುಡುಗನೊಬ್ಬನಿಂದ.

ಆ ತಾಯಿ ಜನವರಿ ಕೊನೆಯ ವಾರ ಬೀಜ ಹಾಕಿದರು. ಈ ಲೇಖನ ಅಚ್ಚಿಗೆ ಹೋಗುವ ಹೊತ್ತಿಗೆ ಬಳ್ಳಿ ಹರಡಿ ಹೂ ಬಿಟ್ಟಿದೆ. ಮೊನ್ನೆ ಸಂಜೆ ನೋಡಲು ಹೋಗಿದ್ದೆವು. ಹುಡುಗಿ ಪರೀಕ್ಷೆಯ ಪುಸ್ತಕ ಹಿಡಿದುಕೊಂಡೇ ಬದುವಿನಲ್ಲಿ ಕುಳಿತಿದ್ದಳು. ನಾಲ್ಕು ಬಳ್ಳಿಗಳ ಹೂವಿಗೆ ಕೆಂಪು ನೂಲು ಕಟ್ಟಿತ್ತು. "ಇದು ಮಾರಲಿಕ್ಕಲ್ಲ ಮಾಷ್ಟ್ರೇ, ಬೀಜದ್ದು" ಎಂದಳು. ವಿಷುವಿಗೆ ಇನ್ನೂ ಒಂದೂವರೆ ತಿಂಗಳಿದೆ.