ಕಲ್ಕತ್ತೆಯ ಎರಡು ಬಾಗಿಲುಗಳು

ಪರಸ್ಥಳದಲ್ಲಿ ನೆಲಸಿದವರಿಗೆ ಒಂದು ಸಂಗತಿ ಚೆನ್ನಾಗಿ ಗೊತ್ತಿರುತ್ತದೆ. ಸಭೆಗೆ ಹೋದಾಗ ನಮ್ಮನ್ನು ಎಲ್ಲಿ ಕೂರಿಸಿದರು ಎಂಬುದರಿಂದಲೇ ಆ ಊರಿನವರು ನಮ್ಮನ್ನು ಏನೆಂದು ಎಣಿಸಿದ್ದಾರೆ ಎಂಬುದು ತಿಳಿದುಹೋಗುತ್ತದೆ. ಮದುವೆಯ ಪಂಕ್ತಿಯಲ್ಲಿ ಇರುವ ಈ ಲೆಕ್ಕ ಫುಟ್‌ಬಾಲ್ ಪಂದ್ಯದಲ್ಲಿಯೂ ಇದೆ. ಎದುರು ತಂಡದ ಅಭಿಮಾನಿಗಳಿಗೆ ಎಷ್ಟು ಟಿಕೆಟ್ಟು, ಯಾವ ಮೂಲೆಯಲ್ಲಿ, ಯಾವ ಬಾಗಿಲಿನಿಂದ ಎಂಬ ಮೂರು ಪ್ರಶ್ನೆಗಳ ಮೇಲೆ ಲೋಕದ ಅನೇಕ ಊರುಗಳಲ್ಲಿ ಮನಸ್ತಾಪಗಳಾಗಿವೆ, ಪ್ರಾಣಗಳೂ ಹೋಗಿವೆ. ನಮ್ಮ ದೇಶದಲ್ಲಿ ಇದನ್ನು ಕಣ್ಣಾರೆ ಕಾಣಬೇಕೆಂದರೆ ಕಲ್ಕತ್ತೆಗೇ ಹೋಗಬೇಕು. ಊರಿಗೆ 2001ರಿಂದ ಕೋಲ್ಕತ್ತ ಎಂದು ಹೆಸರಾಗಿದ್ದರೂ ನಮ್ಮ ಹಿರಿಯರ ಬಾಯಲ್ಲಿ ಅದು ಕಲ್ಕತ್ತೆಯೇ. ನಾವೂ ಹಾಗೆಯೇ ಕರೆಯುತ್ತೇವೆ.

2024ರ ಅಕ್ಟೋಬರಿನಲ್ಲಿ ರಜೆಯ ಪ್ರವಾಸ ಸೌಲಭ್ಯ ಒದಗಿಬಂದಿತು. ಮುಂಬಯಿಯಿಂದ ಗೀತಾಂಜಲಿ ಎಕ್ಸ್‌ಪ್ರೆಸ್ಸು ಹಿಡಿದು, ಒಂದು ಹಗಲು ಒಂದು ರಾತ್ರಿ ಕಳೆದು, ಮರುದಿನ ನಾವು ಮೂವರು ಹೌರಾದಲ್ಲಿ ಇಳಿದೆವು. ದುರ್ಗಾಪೂಜೆಯ ಸಡಗರವನ್ನು ಬಲ್ಲವರು ಬಹಳ ಬರೆದಿದ್ದಾರೆ. ನಾವು ಅದಕ್ಕೆ ಸೇರಿಸುವುದೇನೂ ಇಲ್ಲ. ಪೂಜೆ ಮುಗಿದ ವಾರದಲ್ಲಿ, ಅಕ್ಟೋಬರ್ 19ರ ಶನಿವಾರ, ಈಸ್ಟ್ ಬೆಂಗಾಲ್ ಮತ್ತು ಮೋಹನ್ ಬಾಗಾನ್ ತಂಡಗಳ ಪಂದ್ಯವಿದ್ದಿತು. ನಾವು ಇಳಿದುಕೊಂಡಿದ್ದ ಮನೆಯವರು ಅದನ್ನು ನೋಡದೆ ಹೊರಡಲು ನಮ್ಮನ್ನು ಬಿಡಲಿಲ್ಲ.

ಈ ಎರಡು ತಂಡಗಳ ಕಥೆಯನ್ನು ತಿಳಿಯಲು ಮೊದಲು ಮೈದಾನಕ್ಕೆ ಹೋಗಬೇಕು. ಕಲ್ಕತ್ತೆಯ ನಟ್ಟನಡುವೆ, ಕೋಟೆಯ ಸುತ್ತ ಹರಡಿದ ಆ ಹುಲ್ಲುಗಾವಲು ಸೈನ್ಯದ ವಶದಲ್ಲಿದೆ. ಪಕ್ಕಾ ಕಟ್ಟಡಕ್ಕೆ ಅಲ್ಲಿ ಸುಲಭವಾಗಿ ಅಪ್ಪಣೆ ಇಲ್ಲ. ಆದ್ದರಿಂದ ಅಲ್ಲಿನ ಕ್ಲಬ್ಬುಗಳ ಮನೆಗೆ ಇಂದಿಗೂ ‘ಟೆಂಟ್’ ಎಂದೇ ಹೆಸರು. ಮೋಹನ್ ಬಾಗಾನ್ ಹುಟ್ಟಿದುದು 1889ರ ಆಗಸ್ಟ್ 15ರಂದು. 1911ರ ಜುಲೈ 29ರಂದು ಅದು ಈಸ್ಟ್ ಯಾರ್ಕ್‌ಷೈರ್ ರೆಜಿಮೆಂಟಿನ ಬಿಳಿಯರನ್ನು 2-1ರಿಂದ ಸೋಲಿಸಿ ಐಎಫ್ಎ ಶೀಲ್ಡ್ ಗೆದ್ದಿತು. ಹನ್ನೊಂದು ಆಟಗಾರರಲ್ಲಿ ಹತ್ತು ಮಂದಿಯ ಕಾಲಿಗೆ ಬೂಟು ಇರಲಿಲ್ಲ. ಆ ಒಂದು ಸಂಜೆಯಿಂದ ಫುಟ್‌ಬಾಲ್ ಬಂಗಾಳಿಗಳ ಮಾನದ ವಿಷಯವಾಯಿತು.

ಈಸ್ಟ್ ಬೆಂಗಾಲ್ ಹುಟ್ಟಿದುದು 1920ರ ಆಗಸ್ಟ್ 1ರಂದು, ಒಂದು ಅಸಮಾಧಾನದಿಂದ. ಮೋಹನ್ ಬಾಗಾನ್ ವಿರುದ್ಧದ ಒಂದು ಪಂದ್ಯಕ್ಕೆ ಜೋರಾಬಾಗಾನ್ ಎಂಬ ಕ್ಲಬ್ಬು ಪೂರ್ವ ಬಂಗಾಳದ ಶೈಲೇಶ್ ಬೋಸ್ ಎಂಬ ಆಟಗಾರನನ್ನು ಕೈಬಿಟ್ಟಿತು. ಆ ಕ್ಲಬ್ಬಿನ ಉಪಾಧ್ಯಕ್ಷರಾಗಿದ್ದ ಸುರೇಶಚಂದ್ರ ಚೌಧುರಿಯವರು ಬೇಸರಗೊಂಡು ಹೊರಬಂದು, ತಮ್ಮ ಸೀಮೆಯವರಿಗಾಗಿಯೇ ಇನ್ನೊಂದು ಕ್ಲಬ್ಬು ಕಟ್ಟಿದರು. ಪರಸ್ಥಳದಲ್ಲಿ ಸಂಘಗಳು ಹುಟ್ಟುವ ಬಗೆ ಹೀಗೆಯೇ ಅಲ್ಲವೆ? ಎರಡೂ ತಂಡಗಳು ಮೊದಲ ಸಲ ಲೀಗಿನಲ್ಲಿ ಎದುರಾದುದು 1925ರ ಮೇ 28ರಂದು. ಹೊಸಬರೇ 1-0ಯಿಂದ ಗೆದ್ದರು. ವಿಚಿತ್ರವೆಂದರೆ, ಬಹುಕಾಲ ಇಬ್ಬರೂ ಮೈದಾನದಲ್ಲಿ ಒಂದೇ ಅಂಗಳವನ್ನು ಹಂಚಿಕೊಂಡು ಆಡಿದರು.

ಮೈದಾನದಿಂದ ನಾವು ಸಿಯಾಲ್ದಾ ನಿಲ್ದಾಣಕ್ಕೆ ಬಂದೆವು. ದೇಶವಿಭಜನೆಯಾದ ಮೇಲೆ ಪೂರ್ವ ಬಂಗಾಳದಿಂದ ಓಡಿಬಂದ ಸಾವಿರಾರು ಸಂಸಾರಗಳು ಈ ನಿಲ್ದಾಣದ ಪ್ಲಾಟ್‌ಫಾರಮ್ಮುಗಳ ಮೇಲೆಯೇ ಬಿಡಾರ ಹೂಡಿದ್ದವು. ಅಲ್ಲಿಂದ ಅವರು ಊರ ಹೊರಗಿನ ಖಾಲಿ ಜಾಗಗಳಲ್ಲಿ ಕಾಲೊನಿಗಳನ್ನು ಕಟ್ಟಿಕೊಂಡರು. ಮನೆ ಹೋಗಿತ್ತು, ಹೊಲ ಹೋಗಿತ್ತು, ನದಿಯೂ ಹೋಗಿತ್ತು. ಕ್ಲಬ್ಬಿನ ಹೆಸರಿನಲ್ಲಿ ಮಾತ್ರ ಊರು ಉಳಿದಿತ್ತು. ಈಸ್ಟ್ ಬೆಂಗಾಲ್ ಗೆದ್ದ ದಿನ ಆ ಕಾಲೊನಿಗಳಲ್ಲಿ ಹಿಲ್ಸಾ ಮೀನಿನ ಅಡುಗೆ. ಮೋಹನ್ ಬಾಗಾನ್ ಗೆದ್ದರೆ ಹಳಬರ ಮನೆಗಳಲ್ಲಿ ಸಿಗಡಿ. ಹಳಬರಿಗೆ ‘ಘೋಟಿ’ ಎಂದೂ ಬಂದವರಿಗೆ ‘ಬಾಂಗಾಲ್’ ಎಂದೂ ಹೆಸರು.

ಈ ಕಥೆಯಲ್ಲಿ ನಮ್ಮ ಕಡೆಯವರೊಬ್ಬರೂ ಇದ್ದಾರೆ. 1949ರಿಂದ ಸುಮಾರು ಹತ್ತು ವರ್ಷ ಈಸ್ಟ್ ಬೆಂಗಾಲ್ ತಂಡದಲ್ಲಿ ಮೆರೆದ ಅಹ್ಮದ್ ಖಾನ್ ಬೆಂಗಳೂರಿನವರು. ಅವರೂ ಅವರ ನಾಲ್ವರು ಜೊತೆಗಾರರೂ ಸೇರಿ ‘ಪಂಚಪಾಂಡವರು’ ಎಂದು ಹೆಸರಾದರು. 1948ರ ಲಂಡನ್ ಒಲಿಂಪಿಕ್ಸಿನಲ್ಲಿಯೂ 1952ರ ಹೆಲ್ಸಿಂಕಿಯಲ್ಲಿಯೂ ಅವರು ಭಾರತಕ್ಕಾಗಿ ಆಡಿದರು. ಮನೆ ಕಳೆದುಕೊಂಡು ಬಂದ ಬಂಗಾಳಿಗಳು ತಮ್ಮವನೆಂದು ಹೆಗಲ ಮೇಲೆ ಹೊತ್ತುದು ಒಬ್ಬ ಬೆಂಗಳೂರಿನವರನ್ನು ಎಂಬುದನ್ನು ನೆನೆದರೆ ನಮಗೆ ಸಂತೋಷವಾಗುತ್ತದೆ.

ಇನ್ನು ದುಃಖದ ಮಾತು. ಮೈದಾನದ ಅಂಚಿನಲ್ಲಿ ಈಡನ್ ಗಾರ್ಡನ್ಸ್ ಇದೆ. ಕ್ರಿಕೆಟ್ಟಿನಿಂದ ಅದರ ಹೆಸರನ್ನು ಎಲ್ಲರೂ ಬಲ್ಲರು. 1980ರ ಆಗಸ್ಟ್ 16ರಂದು ಅಲ್ಲಿ ಈ ಎರಡು ತಂಡಗಳ ಲೀಗ್ ಪಂದ್ಯ ನಡೆಯಿತು. ಎರಡೂ ಕಡೆಯ ಅಭಿಮಾನಿಗಳು ಒಂದೇ ಗ್ಯಾಲರಿಯಲ್ಲಿ ಬೆರೆತು ಕುಳಿತಿದ್ದರು. ಅಂಗಳದಲ್ಲಿ ಇಬ್ಬರು ಆಟಗಾರರು ಕೈಮಿಲಾಯಿಸಿದರು. ರೆಫರಿ ಇಬ್ಬರನ್ನೂ ಹೊರಗೆ ಕಳಿಸಿದರು. ಅಷ್ಟರಲ್ಲಿ ಜಗಳ ಗ್ಯಾಲರಿಗೆ ಹತ್ತಿತು. ಕಲ್ಲು ಬಿದ್ದವು, ಜನ ಗಾಬರಿಯಾಗಿ ಓಡಿದರು, ಇಕ್ಕಟ್ಟಿನಲ್ಲಿ ತುಳಿದಾಡಿದರು. 16 ಮಂದಿ ಸತ್ತರು. ಒಬ್ಬರ ಅಂಗಿಯ ಬಣ್ಣ ಇನ್ನೊಬ್ಬರದಕ್ಕಿಂತ ಬೇರೆಯಾಗಿದ್ದುದಕ್ಕೆ ಹದಿನಾರು ಮನೆಗಳಲ್ಲಿ ದೀಪ ಆರಿತು. ಪಂದ್ಯದಲ್ಲಿ ಒಂದು ಗೋಲೂ ಆಗಲಿಲ್ಲ. ಇಂದಿಗೂ ಆಗಸ್ಟ್ 16ನ್ನು ಕಲ್ಕತ್ತೆಯಲ್ಲಿ ಫುಟ್‌ಬಾಲ್ ಪ್ರೇಮಿಗಳ ದಿನವೆಂದು ಆಚರಿಸಿ ರಕ್ತದಾನ ಮಾಡುತ್ತಾರೆ. ಚೆಲ್ಲಿದ ರಕ್ತಕ್ಕೆ ಇದಕ್ಕಿಂತ ಒಳ್ಳೆಯ ತರ್ಪಣವಿರಲಾರದು.

ಆ ದುರಂತವಾದ ಮೇಲೆ ಎರಡು ಕಡೆಯವರನ್ನು ಬೇರೆ ಬೇರೆ ಕೂರಿಸುವ ಪದ್ಧತಿ ಬಿಗಿಯಾಯಿತು. 1984ರಲ್ಲಿ ಊರಿನ ಪೂರ್ವಕ್ಕೆ, ಸಾಲ್ಟ್ ಲೇಕಿನಲ್ಲಿ, ಮೂರು ಅಂತಸ್ತಿನ ದೊಡ್ಡ ಕ್ರೀಡಾಂಗಣ ಬಂದಿತು. ಅದರ ನಿಜವಾದ ಹೆಸರು ವಿವೇಕಾನಂದ ಯುವ ಭಾರತಿ ಕ್ರೀಡಾಂಗಣ. 1997ರ ಜುಲೈ 13ರಂದು ಫೆಡರೇಷನ್ ಕಪ್ಪಿನ ಸೆಮಿಫೈನಲಿಗೆ ಇಲ್ಲಿ 1,31,781 ಮಂದಿ ಸೇರಿದ್ದರೆಂದು ದಾಖಲೆಯಿದೆ. ಭೈಚುಂಗ್ ಭುಟಿಯಾ ಮೂರು ಗೋಲು ಹೊಡೆದು ಈಸ್ಟ್ ಬೆಂಗಾಲನ್ನು 4-1ರಿಂದ ಗೆಲ್ಲಿಸಿದರು. ಬಳಿಕ ಬೆಂಚುಗಳ ಬದಲು ಕುರ್ಚಿಗಳು ಬಂದವು, ಜಾಗ ಕಡಿಮೆಯಾಯಿತು. ಜಾಗ ಕಡಿಮೆಯಾದಷ್ಟೂ ಟಿಕೆಟ್ಟಿನ ಪಾಲಿನ ಜಗಳ ಹೆಚ್ಚು.

ಪಾಲಿನ ವಿಷಯದಲ್ಲಿ ಕಲ್ಕತ್ತೆಯ ವೈಚಿತ್ರ್ಯ ಬೇರೆಲ್ಲಿಯೂ ಸುಲಭವಾಗಿ ಕಾಣದು. ಎರಡೂ ತಂಡಗಳು ಅದೇ ಊರಿನವು, ದೊಡ್ಡ ಪಂದ್ಯಕ್ಕೆ ಎರಡಕ್ಕೂ ಅದೇ ಕ್ರೀಡಾಂಗಣ. ಆದರೆ ಲೀಗಿನ ನಿಯಮದಂತೆ ಒಂದು ಪಂದ್ಯಕ್ಕೆ ಒಬ್ಬರು ಆತಿಥೇಯರಾದರೆ ಮುಂದಿನದಕ್ಕೆ ಇನ್ನೊಬ್ಬರು. ಟಿಕೆಟ್ಟು ಮಾರುವ ಅಧಿಕಾರ ಆತಿಥೇಯರದು. ಹೀಗೆ, ಮೂರು ತಲೆಮಾರಿನಿಂದ ಅದೇ ಬೀದಿಯಲ್ಲಿ ಇರುವವರು ಒಂದು ಸಂಜೆಯ ಮಟ್ಟಿಗೆ ತಮ್ಮ ಊರಿನಲ್ಲಿಯೇ ಅತಿಥಿಗಳಾಗಿ, ಕೊಟ್ಟಷ್ಟು ಟಿಕೆಟ್ಟು ತೆಗೆದುಕೊಂಡು, ತೋರಿಸಿದ ಬಾಗಿಲಿನಿಂದ ಒಳಗೆ ಹೋಗಬೇಕು.

ನಾವು ನೋಡಿದ ದಿನ ಈಸ್ಟ್ ಬೆಂಗಾಲ್ ಆತಿಥೇಯರು. ನಮ್ಮ ಮನೆಯ ದಾದಾ ಘೋಟಿ, ಮೋಹನ್ ಬಾಗಾನ್ ಪಕ್ಷ. ಬೌದಿ ಬಾಂಗಾಲ್, ಅವರ ಅಜ್ಜ ಬಾರಿಸಾಲಿನಿಂದ ಬಂದವರು. ಮದುವೆಯಾಗಿ ಇಪ್ಪತ್ತಾರು ವರ್ಷವಾದರೂ ಪಕ್ಷಾಂತರ ಆಗಿಲ್ಲ. ಸಿಯಾಲ್ದಾದಿಂದ ಮೆಟ್ರೋ ಹತ್ತಿದರೆ ಎರಡನೆಯ ನಿಲ್ದಾಣವೇ ಸಾಲ್ಟ್ ಲೇಕ್ ಸ್ಟೇಡಿಯಂ. ನೆಲದಡಿಯಲ್ಲಿ ಹೊರಟ ಗಾಡಿ ಫೂಲ್‌ಬಾಗಾನ್ ದಾಟಿ ಮೇಲೆ ಬಂದು ಬೆಳಕಿಗೆ ತೆರೆದುಕೊಳ್ಳುತ್ತದೆ. ಒಂದೇ ಡಬ್ಬಿಯಲ್ಲಿ ಹಸಿರು-ಕೆಂಗಂದು ಅಂಗಿಗಳೂ ಕೆಂಪು-ಹಳದಿ ಅಂಗಿಗಳೂ ಒತ್ತಿಕೊಂಡು ನಿಂತಿದ್ದವು. ಮಾತಿನ ಚಕಮಕಿ ನಡೆದೇ ಇತ್ತು. ಕೈ ಮಾತ್ರ ಕಂಬಿಯನ್ನು ಬಿಡಲಿಲ್ಲ.

ಕ್ರೀಡಾಂಗಣದ ಮುಂದೆ ದಾರಿ ಎರಡಾಯಿತು. ಪೋಲೀಸರು ಬಿದಿರು ಕಟ್ಟಿ ಅಡ್ಡ ಹಾಕಿದ್ದರು. ಈ ಬಣ್ಣದವರು ಈ ಕಡೆ, ಆ ಬಣ್ಣದವರು ಆ ಕಡೆ. ದಾದಾ ತಮ್ಮ ಟಿಕೆಟ್ಟನ್ನು ಜೇಬಿನಿಂದ ತೆಗೆದು, ‘ಇವತ್ತು ನಾವು ನಿಮ್ಮ ಅತಿಥಿಗಳು. ಚೆನ್ನಾಗಿ ನೋಡಿಕೊಳ್ಳಿ’ ಎಂದು ಬೌದಿಯನ್ನು ಕೆಣಕಿದರು. ‘ಅತಿಥಿಗಳು ಸೋತು ಹೋಗುವುದೇ ಮರ್ಯಾದೆ’ ಎಂದು ಬೌದಿ ಉತ್ತರ ಕೊಟ್ಟು, ಮನೆಯ ಬೀಗದ ಕೈಯನ್ನು ಗಂಡನ ಕೈಗೆ ಹಾಕಿದರು. ಗೆದ್ದವರು ಮೊದಲು ಮನೆ ಸೇರಲಾರರು, ಸೋತವರೇ ಬೇಗ ಹೊರಡುವವರು. ಆದ್ದರಿಂದ ಬೀಗದ ಕೈ ಸೋಲುವವರ ಬಳಿ ಇರಬೇಕಂತೆ!

ನಾವು ಬೌದಿಯ ಜೊತೆ ಆತಿಥೇಯರ ಬಾಗಿಲಿನಿಂದ ಒಳಗೆ ಹೋದೆವು. ಎದುರು ಗ್ಯಾಲರಿಯಲ್ಲಿ ಬಾಗಾನಿನವರು. ನಡುವೆ ಖಾಲಿ ಬಿಟ್ಟ ಕುರ್ಚಿಗಳ ಪಟ್ಟಿ. ಆ ಖಾಲಿ ಕುರ್ಚಿಗಳನ್ನು ನೋಡಿದಾಗ ನಮಗೆ 1980ರ ನೆನಪು ಬಂದಿತು. ಮಾರಬಹುದಾಗಿದ್ದ ಕುರ್ಚಿಗಳನ್ನು ಮಾರದೆ ಬಿಟ್ಟಿರುವುದು ಆ ಹದಿನಾರು ಜನರ ಲೆಕ್ಕಕ್ಕೆ. 41ನೆಯ ನಿಮಿಷದಲ್ಲಿ ಮೆಕ್‌ಲಾರೆನ್, 89ನೆಯ ನಿಮಿಷದಲ್ಲಿ ಪೆನಾಲ್ಟಿಯಿಂದ ಪೆಟ್ರಾಟೋಸ್. ಅತಿಥಿಗಳೇ 2-0ಯಿಂದ ಗೆದ್ದರು. ನಮ್ಮ ಸುತ್ತ ಸಾವಿರಾರು ಜನ ಮೌನವಾಗಿದ್ದಾಗ ಎದುರು ಮೂಲೆಯಿಂದ ಎದ್ದ ಆ ಕೂಗು! ಅದು ಇಲ್ಲದಿದ್ದರೆ ಗೋಲು ಆದುದೇ ತಿಳಿಯದಂತೆ ಇರುತ್ತಿತ್ತು. ಎದುರಿನವರಿಗೆ ಜಾಗ ಏಕೆ ಕೊಡಬೇಕು ಎಂಬ ಪ್ರಶ್ನೆಗೆ ಅಲ್ಲಿಯೇ ಉತ್ತರ ಸಿಕ್ಕಿತು. ಬೌದಿ ಮಾತ್ರ ಎದ್ದು, ‘ಬೀಗದ ಕೈ ತಪ್ಪು ಕಡೆ ಹೋಯಿತು’ ಎಂದರು.

ಬೇರೆ ದೇಶಗಳಲ್ಲಿ ಈ ಪಾಲನ್ನು ಕಾಗದದ ಮೇಲೆ ಬರೆದಿಟ್ಟಿದ್ದಾರೆ. ಇಂಗ್ಲೆಂಡಿನ ಪ್ರೀಮಿಯರ್ ಲೀಗಿನಲ್ಲಿ ಎದುರು ತಂಡಕ್ಕೆ 3,000 ಟಿಕೆಟ್ಟು, ಇಲ್ಲವೆ ಕ್ರೀಡಾಂಗಣದ ಹತ್ತರಲ್ಲಿ ಒಂದು ಪಾಲು, ಇವೆರಡರಲ್ಲಿ ಯಾವುದು ಕಡಿಮೆಯೋ ಅದು ಸಲ್ಲಬೇಕು. ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಕಥೆ ಕಲ್ಕತ್ತೆಗೆ ಹತ್ತಿರದ್ದು. ಅಲ್ಲಿನ ಸೆಲ್ಟಿಕ್ ಕ್ಲಬ್ಬು ಐರ್ಲೆಂಡಿನಿಂದ ಹೊಟ್ಟೆಪಾಡಿಗೆ ಬಂದ ಬಡವರ ನಡುವೆ ಹುಟ್ಟಿದುದು, ಎದುರಾಳಿ ರೇಂಜರ್ಸ್. ಒಬ್ಬರು ಇನ್ನೊಬ್ಬರಿಗೆ ಸುಮಾರು 7,000 ಟಿಕೆಟ್ಟು ಕೊಡುವುದು ರೂಢಿಯಾಗಿತ್ತು. 2018ರಲ್ಲಿ ರೇಂಜರ್ಸ್ ಅದನ್ನು ಸುಮಾರು 800ಕ್ಕೆ ಇಳಿಸಿತು. ಸೆಲ್ಟಿಕ್ಕೂ ಹಾಗೆಯೇ ಮಾಡಿತು. ಮುಂದೆ ಒಂದೂ ಟಿಕೆಟ್ಟು ಇಲ್ಲದ ಪಂದ್ಯಗಳೂ ಬಂದವು. 2025ರಲ್ಲಿ ಸುಮಾರು 2,500ರಂತೆ ಮತ್ತೆ ಕೊಡತೊಡಗಿದರು. ಅರ್ಜೆಂಟೀನಾದಲ್ಲಿ 2013ರಲ್ಲಿ ಅತಿಥಿ ಅಭಿಮಾನಿಗಳನ್ನೇ ನಿಷೇಧಿಸಿದರು. ಹತ್ತು ವರ್ಷಕ್ಕೂ ಮೀರಿ ಅದು ಬಹುಮಟ್ಟಿಗೆ ನಡೆಯಿತು. ಪಾಲನ್ನು ಕಡಿಮೆ ಮಾಡುವುದು ಒಂದು ದಿನದ ಕೆಲಸ; ಮರಳಿ ಕೊಡುವುದಕ್ಕೆ ವರ್ಷಗಳು ಬೇಕಾಗುತ್ತವೆ.

ಆದರೆ ಅಡ್ಡಕಟ್ಟಿದ ಬಿದಿರು ಮನಸ್ಸಿನೊಳಕ್ಕೆ ಹೋಗಿಲ್ಲವೆಂಬುದನ್ನು ಕಲ್ಕತ್ತೆ ಅದೇ ವರ್ಷ ತೋರಿಸಿತ್ತು. 2024ರ ಆಗಸ್ಟಿನಲ್ಲಿ ಆರ್.ಜಿ. ಕರ್ ಆಸ್ಪತ್ರೆಯಲ್ಲಿ ಯುವ ವೈದ್ಯೆಯೊಬ್ಬರ ಮೇಲೆ ನಡೆದ ಘೋರ ಕೃತ್ಯದಿಂದ ಊರೇ ಕುದಿಯುತ್ತಿತ್ತು. ಆಗಸ್ಟ್ 18ರ ಡ್ಯುರಾಂಡ್ ಕಪ್ ಪಂದ್ಯವನ್ನು ಬಂದೋಬಸ್ತಿನ ಕಾರಣದಿಂದ ರದ್ದುಮಾಡಿದರು. ಪಂದ್ಯವಿಲ್ಲದಿದ್ದರೂ ಜನ ಬಂದರು. ಎರಡೂ ತಂಡಗಳ ಅಭಿಮಾನಿಗಳು ಅದೇ ಬಾಗಿಲುಗಳ ಮುಂದೆ ಒಟ್ಟಾಗಿ ನ್ಯಾಯ ಕೇಳಿದರು. ಪೋಲೀಸರ ಲಾಠಿಯನ್ನೂ ಒಟ್ಟಿಗೇ ತಿಂದರು. ಒಂದು ಬಣ್ಣದವನ ಹೆಗಲ ಮೇಲೆ ಇನ್ನೊಂದು ಬಣ್ಣದವನು ಕುಳಿತಿದ್ದ ಚಿತ್ರವನ್ನು ದೇಶವೆಲ್ಲ ಕಂಡಿತು. ಆ ದಿನ ಯಾರೂ ಟಿಕೆಟ್ಟು ಕೇಳಲಿಲ್ಲ.

ನಮ್ಮ ಬೆಂಗಳೂರಿಗೂ ಈ ಆತಿಥ್ಯದ ಪಾಲು ಬಂದಿದೆ. 2015ರ ಮೇ 31ರಂದು ಕಂಠೀರವ ಕ್ರೀಡಾಂಗಣದಲ್ಲಿ ಐ-ಲೀಗಿನ ಕೊನೆಯ ಪಂದ್ಯ. ಬೆಂಗಳೂರು ಗೆದ್ದರೆ ಪ್ರಶಸ್ತಿ ಬೆಂಗಳೂರಿಗೆ, ಸಮನಾದರೆ ಮೋಹನ್ ಬಾಗಾನಿಗೆ. ಬಾಗಾನಿನ ಅಭಿಮಾನಿಗಳು ದೂರದಿಂದ ಬಂದು ಕುಳಿತಿದ್ದರು. ಬೆಂಗಳೂರು ಮುಂದಿದ್ದಾಗ, 87ನೆಯ ನಿಮಿಷದಲ್ಲಿ ಬೆಲ್ಲೊ ರಜಾಕ್ ತಲೆಯಿಂದ ಹೊಡೆದು 1-1 ಮಾಡಿದರು. ನಮ್ಮ ಊರಿನಲ್ಲಿ, ನಮ್ಮ ಕಣ್ಣೆದುರಿಗೆ, ಅತಿಥಿಗಳು ಕುಣಿದರು. ಕುಣಿಯಲಿ ಬಿಡಿ; ಮುಂಬಯಿಯಲ್ಲಿ ನಾವೂ ಹಾಗೆಯೇ ಅಲ್ಲವೆ? 2023ರ ಮಾರ್ಚ್ 7ರಂದು ಅಂಧೇರಿಯಲ್ಲಿ ಸುನಿಲ್ ಛೇತ್ರಿಯ ಗೋಲಿನಿಂದ ಬೆಂಗಳೂರು ಮುಂಬಯಿಯನ್ನು 1-0ಯಿಂದ ಸೋಲಿಸಿದಾಗ ನಾವು ಟೀವಿಯ ಮುಂದೆ ಎದ್ದು ನಿಂತು ಕೂಗಿದೆವು. ಮುಂಬಯಿಯಲ್ಲಿಯೇ ಹುಟ್ಟಿ ಬೆಳೆದ ನಮ್ಮ ಮಗ ಮುಖ ಸಣ್ಣದು ಮಾಡಿಕೊಂಡು ಒಳಗೆ ಹೋದ. ಅವನಿಗೆ ಅಂಧೇರಿಯೇ ತವರು. ನಮಗೆ ಅದು ಅತಿಥಿಗಳ ಗ್ಯಾಲರಿ. ಒಂದೇ ಮನೆಯಲ್ಲಿ ಎರಡು ಬಾಗಿಲು! ಮೊದಲು ನಮಗೆ ಕಸಿವಿಸಿಯಾಗಿತ್ತು. ದಾದಾ-ಬೌದಿಯರನ್ನು ಕಂಡ ಮೇಲೆ ಅದು ಹೋಯಿತು. ಮಗ ಯಾರ ಪಕ್ಷವಾದರೂ ಆಗಲಿ. ಊಟಕ್ಕೆ ಕೂರುವಾಗ ಕನ್ನಡದಲ್ಲಿ ಜಗಳವಾಡಿದರೆ ಸಾಕು.

ನಮ್ಮ ಸಂಘಗಳಲ್ಲಿಯೂ ನವೆಂಬರಿನಲ್ಲಿ ರಾಜ್ಯೋತ್ಸವ ನಡೆಯುತ್ತದೆ. ಸಭಾಭವನದ ಕುರ್ಚಿಗಳನ್ನು ನಾವೇ ಹಂಚುತ್ತೇವೆ. ಆ ಸಂಜೆ ನಾವು ಆತಿಥೇಯರು. ವರ್ಷವೆಲ್ಲ ನಮಗೆ ಜಾಗ ಕೊಟ್ಟ ನೆರೆಹೊರೆಯ ಮರಾಠಿ, ತಮಿಳು, ತೆಲುಗು, ಹಿಂದಿ ಮಾತಿನವರಿಗೆ ಅಂದು ಎಷ್ಟು ಕುರ್ಚಿ, ಯಾವ ಸಾಲಿನಲ್ಲಿ? ಕಾರ್ಯಕಾರಿ ಸಮಿತಿಯವರು ಮುಂದಿನ ಸಭೆಯಲ್ಲಿ ಇದನ್ನೊಂದು ವಿಷಯವಾಗಿ ಇಟ್ಟುಕೊಳ್ಳಬೇಕೆಂದು ನಮ್ಮ ವಿನಂತಿ. ಇಂಗ್ಲೆಂಡಿನವರ ಹತ್ತರಲ್ಲಿ ಒಂದು ಪಾಲಿಗಿಂತ ನಮ್ಮ ಲೆಕ್ಕ ಕಡಿಮೆಯಾಗದಿರಲಿ.