ಕಡಿಯಾಳಿಯಿಂದ: ಬಂದವರೂ ಹೋದವರೂ ಬೆಳೆಸಿದ ಊಟ

ಕಡಿಯಾಳಿ, ಉಡುಪಿ



ಉಡುಪಿಯಿಂದ ಮಣಿಪಾಲದ ಗುಡ್ಡದತ್ತ ಏರುವ ಹೆದ್ದಾರಿಯಲ್ಲಿ, ಮಹಿಷಮರ್ದಿನಿ ದೇವಸ್ಥಾನದ ಸುತ್ತ ಬೆಳೆದಿರುವ ಕಡಿಯಾಳಿಯು, ವಲಸೆಯು ಒಂದು ಸೀಮೆಯ ಊಟವನ್ನು ಹೇಗೆ ರೂಪಿಸುತ್ತದೆಂಬುದನ್ನು ಅರಿಯಲು ತಕ್ಕ ತಾಣವಾಗಿದೆ. ಈರುಳ್ಳಿ ಬೆಳ್ಳುಳ್ಳಿ ಸೋಕದ ಕೃಷ್ಣಮಠದ ಪಾಕಶಾಲೆಯೂ, ನಾನಾ ದೇಶಗಳ ವಿದ್ಯಾರ್ಥಿಗಳಿಗೆ ಉಣಬಡಿಸುವ ಮಣಿಪಾಲದ ಹೋಟೆಲುಗಳೂ ಇದರ ಆಚೀಚೆಯಲ್ಲಿಯೇ ಇವೆ.

ಈ ಸೀಮೆಯ ಅಡುಗೆ ಅನಾದಿಯಿಂದ ಹೀಗೆಯೇ ಇತ್ತೆಂಬ ನಂಬಿಕೆ ಪೂರ್ತಿ ನಿಜವಲ್ಲ. ಔತಣದ ಎಲೆಯಲ್ಲಿ ಬಡಿಸುವ ಅನಾನಸಿನ ಮೆಣಸ್ಕಾಯಿ, ಅಂದರೆ ಹುರಿದ ಎಳ್ಳು, ತೆಂಗಿನಕಾಯಿ, ಬೆಲ್ಲ, ಹುಣಸೆಹುಳಿ ಮತ್ತು ಒಣಮೆಣಸಿನಕಾಯಿ ಕೂಡಿದ ಸಿಹಿ-ಹುಳಿ-ಖಾರದ ವ್ಯಂಜನ, ಇದಕ್ಕೆ ಸಾಕ್ಷಿ: ಅನಾನಸು, ಮೆಣಸಿನಕಾಯಿಗಳೆರಡೂ ಅಮೆರಿಕ ಖಂಡದ ಬೆಳೆಗಳಾಗಿದ್ದು, ಗೇರಿನಂತೆಯೇ ಪೋರ್ಚುಗೀಸರ ಹಡಗುಗಳ ಮೂಲಕ ಈ ತೀರವನ್ನು ತಲುಪಿದವು. 1510ರಲ್ಲಿ ಗೋವೆಯನ್ನು ಗೆದ್ದ ಅದೇ ಪೋರ್ಚುಗೀಸರ ಆಳ್ವಿಕೆಯಲ್ಲಿ ನಡೆದ ಮತಾಂತರಕ್ಕೂ, 1560ರಲ್ಲಿ ತೊಡಗಿದ ಇನ್‌ಕ್ವಿಸಿಷನ್ನಿಗೂ, ಎಂದರೆ ಮತನಿಷ್ಠೆಯನ್ನು ವಿಚಾರಿಸಿ ದಂಡಿಸುವ ಚರ್ಚಿನ ನ್ಯಾಯಮಂಡಳಿಗೂ, ಅಂಜಿ ದಕ್ಷಿಣಕ್ಕೆ ಬಂದ ಗೌಡ ಸಾರಸ್ವತರು ಕಾರ್ಕಳ, ಉಡುಪಿಗಳಲ್ಲಿ ನೆಲೆನಿಂತು, ಬೇಯಿಸಿದ ತೊಗರಿಬೇಳೆಗೆ ಇಂಗಿನ ಘಮ ಕೂಡಿಸಿದ ದಾಳಿತೋಯವನ್ನು ಇಲ್ಲಿಯದೇ ಆಗಿಸಿದರು. ಮುಂದೆ ಗೋವೆಯನ್ನು ತೊರೆದು ಬಂದ ಕೊಂಕಣಿ ಕ್ರೈಸ್ತರು ಕಳ್ಳಿನಿಂದ ಹುದುಗು ಬರಿಸಿದ ಅಕ್ಕಿಹಿಟ್ಟಿನ ಸಾನ್ನವನ್ನು ಉಳಿಸಿಕೊಂಡರು.

ಜನರನ್ನು ಬರಮಾಡಿಕೊಂಡಂತೆಯೇ ಈ ನಾಡು ಹೊರಗೂ ಕಳುಹಿಸಿದೆ. ಮಯ್ಯ ಸಹೋದರರು 1924ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ, ಮುಂದೆ ಮಾವಳ್ಳಿ ಟಿಫಿನ್ ರೂಮ್ ಎಂದು ಹೆಸರಾದ ಹೋಟೆಲು, ಕಡಂದಲೆಯ ಕೃಷ್ಣರಾಯರು 1938ರಲ್ಲಿ ಮದರಾಸಿನಲ್ಲಿ ತೆರೆದ ವುಡ್‌ಲ್ಯಾಂಡ್ಸ್, ರಾಮ ನಾಯಕರು 1942ರಲ್ಲಿ ಮುಂಬಯಿಯ ಮಾಟುಂಗದಲ್ಲಿ ಸ್ಥಾಪಿಸಿದ ಶ್ರೀಕೃಷ್ಣ ಬೋರ್ಡಿಂಗ್ ಇವುಗಳಿಂದಾಗಿ ಮಠದ ನೆರಳಿನ ಅಡುಗೆಯು ಕ್ರಮೇಣ ಜಾತಿ ಕೇಳದೆ ಹಣ ಕೊಟ್ಟವರಿಗೆಲ್ಲ ದೊರೆಯುವ ಊಟವಾಯಿತು. ಅದರ ಹಿಂದೆ, ಹಗಲಿಡೀ ಲೋಟ ತೊಳೆದು ಇರುಳು ಕನ್ನಡ ಶಾಲೆಗಳಲ್ಲಿ ಓದಿದ ಹೋಟೆಲ್ ಮಾಣಿಗಳ ದುಡಿಮೆಯಿತ್ತು.

1953ರಲ್ಲಿ ಡಾ. ಟಿ.ಎಂ.ಎ. ಪೈ ಅವರು ಮಣಿಪಾಲದಲ್ಲಿ ವೈದ್ಯಕೀಯ ಕಾಲೇಜನ್ನು ಸ್ಥಾಪಿಸಿದ ತರುವಾಯ ಜನರ ಹರಿವು ಮತ್ತೆ ಒಳಮುಖವಾಯಿತು. ಉತ್ತರ ಭಾರತದ ರೊಟ್ಟಿ, ಈಶಾನ್ಯದ ಮೊಮೊಗಳು ನೀರುದೋಸೆ, ಗೋಳಿಬಜೆಗಳ ನೆರೆಯಲ್ಲಿ ಜಾಗ ಪಡೆದವು, ಹೋಟೆಲಿನ ಒಲೆಯ ಮುಂದೆ ಹೊರರಾಜ್ಯದ ಯುವಕರು ನಿಂತರು. ಇದರಿಂದ ಉಡುಪಿಯ ಸೊಗಡು ಕೆಟ್ಟೀತೆಂದು ಮರುಗುವವರು, ಆ ಸೊಗಡು ಕಟ್ಟಿಕೊಂಡದ್ದೇ ಹೀಗೆ ಎಂಬುದನ್ನು ನೆನೆಯಬೇಕು. ತನ್ನ ಮಕ್ಕಳನ್ನು ಮುಂಬಯಿಯ ಅಡುಗೆಮನೆಗಳಿಗೆ ಕಳುಹಿಸಿ ಹೆಸರು ಗಳಿಸಿದ ಜಿಲ್ಲೆಯು, ತನ್ನ ಅಡುಗೆಮನೆಗಳಿಗೆ ಬಂದ ಪರವೂರ ಮಕ್ಕಳಿಗೆ ಆದರವನ್ನು ತೋರುವುದು ತೀರಿಸಲೇಬೇಕಾದ ಋಣವಾಗಿದೆ.